ಗಾಜಿನ ಹೊರಮೈ

ಬೆಳಗಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಟ್ಟಣಿಗೆ ಹತ್ತಿ ಕೂತವಳ ಕಾಲು ನೆಲದ ಮೇಲೆ ನಿಲ್ಲುವುದಾದರೂ ಹೇಗೆ ಎಂದು ಯಾರಾದರೂ ಕೇಳಬಹುದು. ಆದರೆ ಅಟ್ಟಣಿಗೆ ಹತ್ತುವ ಮೊದಲೂ, ಮನೆಯಲ್ಲಿ ಹಲ್ಲುಜ್ಜುವಾಗಲೂ, ಬಸ್ಸಿನಲ್ಲಿ ಪಕ್ಕದವರ ಚೀಲವನ್ನು ತನ್ನದೆಂದು ಎತ್ತಿಕೊಂಡು ಇಳಿಯಹೋಗಿ ಬೈಸಿಕೊಂಡಾಗಲೂ ಅವಳು ಹಾಗೇ ಇದ್ದಳು. ಲೈಬ್ರರಿಯ ದೊಡ್ಡ ಮೆಟ್ಟಿಲು ತಿರುಗುವ ಕಡೆ, ಎರಡಾಳೆತ್ತರದ ಕಿಟಕಿಗೆ ಬಣ್ಣದ ಗಾಜಿನ ಕೊನೆಯ ಚೌಕವನ್ನು ಕೂರಿಸಿಯಾಗಿತ್ತು. ಇನ್ನು ಗಾಜು ಅಲುಗದಂತೆ ಅಂಚಿಗೆ ಮೆತ್ತಿದ ಪುಟ್ಟಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋಗುವುದಷ್ಟೇ ಉಳಿದಿದ್ದ ಕೆಲಸ. ಕಿಟಕಿಯ ತುಂಬ ಅಗಲವಾದ ಹೊಳೆ, ಹೊಳೆಯಲ್ಲಿ ಒಂದು ದೋಣಿ, ದೋಣಿಯಲ್ಲಿ ನಿಂತು ಗಳ ಹಾಕುತ್ತಿರುವ ಕೆಂಪು ಶಾಲಿನ ಹೆಂಗಸು, ಆಚೆ ದಡದಲ್ಲಿ ಮರಗಳು. ಪಡುವಣಕ್ಕೆ ಮುಖ ಮಾಡಿದ ಕಿಟಕಿ; ಊಟದ ಹೊತ್ತು ಕಳೆಯುವ ತನಕ ಬಿಸಿಲು ಇತ್ತ ತಲೆಹಾಕುವುದಿಲ್ಲ. ಅಲ್ಲಿಯವರೆಗೆ ಬಣ್ಣಗಳು ನಿದ್ದೆಯಲ್ಲಿರುವವರ ಮುಖದ ಹಾಗೆ, ಇದ್ದೂ ಇಲ್ಲದಂತೆ ಇರುತ್ತವೆ. ಬಿಸಿಲು ಬಂದಾಗ ಹೊಳೆಯ ಮೇಲೆ ಏನಾಗುತ್ತದೆ ಎಂಬುದು ಜಗತ್ತಿನಲ್ಲಿ ತನ್ನೊಬ್ಬಳಿಗೇ ಗೊತ್ತು ಎಂದು ನೆನೆದಾಗಲೆಲ್ಲ ಅವಳಿಗೆ ಎದೆಯೊಳಗೆ ಯಾರೋ ಕುಣಿದಂತಾಗುತ್ತಿತ್ತು. ಹಿಂದೆಯೇ ನಾಚಿಕೆ ಬಂದು ಆ ಕುಣಿಯುವವರನ್ನು ಕೈ ಹಿಡಿದು ಕೂರಿಸುತ್ತಿತ್ತು. ತಪ್ಪು ಮಾಡಿದವಳು ಇಷ್ಟೊಂದು ಸಂತೋಷಪಡುವುದು ಸರಿಯಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನು ನಡುಗಿತು. ಗಂಡ. ಶಾಲೆಯಲ್ಲಿ ಗಣಿತ ಹೇಳುವ ಮೇಷ್ಟ್ರಾದ್ದರಿಂದ ಅವನು ಫೋನಿನಲ್ಲೂ ಒಂದು, ಎರಡು ಎಂದು ಬಿಡಿಸಿಯೇ ಮಾತಾಡುತ್ತಾನೆ. "ನೋಡು, ಒಂದನೇದು, ಕಣ್ಣಿನ ಪಟ್ಟಿ ಬಿಚ್ಚಿದ್ರು. ಎರಡನೇದು, ಅಪ್ಪನಿಗೆ ಕಾಣಿಸ್ತಾ ಇದೆ. ಡಾಕ್ಟರ ಕೋಟಿನ ಗುಂಡಿ ಕಿತ್ತುಹೋಗಿದೆ ಅಂತ ಅವರಿಗೇ ಹೇಳಿದ್ರು." ಅವಳು ಅಟ್ಟಣಿಗೆಯ ಮೇಲೆಯೇ ಕಣ್ಣೊರೆಸಿಕೊಂಡಳು, ಪುಟ್ಟಿ ಕೆನ್ನೆಗೆ ಮೆತ್ತಿತು. ವರ್ಷವೆಲ್ಲ ಗೋಡೆ ಸವರಿಕೊಂಡು ಓಡಾಡಿದ ಜೀವ. "ಮನೆಗೆ ಕರ್ಕೊಂಡು ಹೋಗ್ರೀ, ಮಲಗ್ಲಿ." "ಮೂರನೇದು ಅದೇ. ಮನೆಗೆ ಬರಲ್ಲಂತೆ. ಸೀದಾ ಲೈಬ್ರರಿಗೇ ಅಂತೆ. ಬಿಸಿಲು ಬರೋ ಹೊತ್ತಿಗೆ ಅಲ್ಲಿರ್ಬೇಕಂತೆ." "ಇವತ್ತೇನಾ? ಬೇಡಾ ರೀ, ಧೂಳು ಇದೆ ಇಲ್ಲಿ." "ನಾನು ಹೇಳಿದ್ರೆ ಕೇಳ್ತಾರಾ? ನೀನೇ ಹೇಳು." ಆಮೇಲೆ ಮಾವನ ದನಿ, ಹತ್ತು ವರ್ಷ ಚಿಕ್ಕದಾದ ದನಿ: "ಏನಮ್ಮ, ನಿನ್ನ ಹೊಳೆ ಕನ್ನಡಿ ಥರ ಆಗಿದೆ ಅಂದಿದ್ಯಲ್ಲ, ಮುಖ ನೋಡ್ಕೊಳ್ಳೋಕೆ ಬರ್ತಾ ಇದೀನಿ!"

ಕನ್ನಡಿ ಥರ ಎಂದು ಅವಳೇ ಹೇಳಿದ್ದು ಹೌದು. ಮನೆಯ ಹಿಂದಿನ ಕೆಲಸದ ಕೋಣೆಯಲ್ಲಿ, ಕೆಳಗಿನಿಂದ ದೀಪ ಉರಿಯುವ ಬೆಳಕಿನ ಮೇಜಿನ ಮೇಲೆ ಹೊಳೆಯ ಗಾಜುಗಳನ್ನು ಬೋರಲು ಹಾಕಿಕೊಂಡು ಬ್ಲೇಡಿನಿಂದ ಕೊಳೆ ಹೆರೆಯುತ್ತಿದ್ದ ದಿನಗಳವು. ಪಕ್ಕದಲ್ಲಿ ಬೆತ್ತದ ಕುರ್ಚಿಯಲ್ಲಿ ಮಾವ, ಪೊರೆ ಬಂದ ಕಣ್ಣುಗಳನ್ನು ಎಲ್ಲೋ ನೆಟ್ಟು, ಬ್ಲೇಡಿನ ಸದ್ದು ಕೇಳುತ್ತ ಕೂತಿರುತ್ತಿದ್ದರು. "ಅಲ್ಲಿ ಬಿಗಿಯಾಗಿ ಹಿಡ್ಕೊಂಡಿದ್ದೀಯ, ಮಣಿಕಟ್ಟು ಸಡಿಲ ಬಿಡು" ಎನ್ನುವರು; ಕೈ ನೋಡಿದವರ ಹಾಗೆ. ಈ ಕೆಲಸಕ್ಕೆ ಅವಳನ್ನು ಹಚ್ಚಿದ್ದೇ ಅವರು. ಮಗನಿಗೆ ಕಲಿಸಲು ಹೋದರೆ ಮೊದಲ ದಿನವೇ ಗಾಜು ಬೆರಳಿಗೆ ತಾಗಿ, ರಕ್ತ ನೋಡಿ, ಮಗರಾಯ ನೆಲಕ್ಕೆ ಬಿದ್ದಿದ್ದ. ಸೊಸೆಯಾಗಿ ಬಂದವಳು ಕಾಫಿ ಕೊಡಲು ಬಂದು, ಮೇಜಿನ ಮೇಲಿದ್ದ ನೀಲಿ ಚೂರೊಂದನ್ನು ಕಣ್ಣಿಗೆ ಹಿಡಿದು ಕಿಟಕಿಯ ಕಡೆ ತಿರುಗಿ, ಕಾಫಿ ಆರುವವರೆಗೆ ನಿಂತುಬಿಟ್ಟಳು. ಮಾವ ಬೈಯಲಿಲ್ಲ. ಇನ್ನೊಂದು ಚೂರು ಕೊಟ್ಟರು. ಮೊದಲ ಪಾಠವನ್ನೂ ಅಂದೇ ಹೇಳಿದರು: "ಗಾಜಿಗೆ ಎರಡು ಮೈ. ಒಳಮೈ ಮೇಲೆ ಚಿತ್ರ ಬರೆದು ಭಟ್ಟೀಲಿ ಸುಡ್ತಾರೆ. ಹೊರಮೈ ಮಳೆಗೆ, ಹೊಗೆಗೆ. ಒಳಗಿರೋದೆಲ್ಲ ಬಣ್ಣ, ಹೊರಗಿರೋದೆಲ್ಲ ಕೊಳೆ. ಇಷ್ಟು ನೆನಪಿಟ್ಕೊ, ಕೈ ಯಾವತ್ತೂ ತಪ್ಪಲ್ಲ." ಅವರ ಗುರುಗಳು ಅವರಿಗೆ ಹೇಳಿದ್ದ ಮಾತಂತೆ. ಆ ಮಾತಿನ ಮೇಲೆ ಅವರು ಒಂದು ಆಯುಷ್ಯವನ್ನೇ ಹೆರೆದಿದ್ದರು.

ಹೊಳೆಯ ಗಾಜುಗಳಲ್ಲಿ ಕೊನೆಯದು, ದೋಣಿಯ ಮೂತಿಯ ಕೆಳಗಿನದು, ಚಿಕ್ಕದು. ಆ ದಿನ ಕಿಟಕಿಯ ಬಿಸಿಲು ಓರೆಯಾಗಿ ಮೇಜಿಗೆ ಬೀಳುತ್ತಿತ್ತು. ಬ್ಲೇಡು ಇಡಬೇಕೆಂದು ಬಗ್ಗಿದವಳು ಹಾಗೆಯೇ ನಿಂತಳು. ಕಂದು ಕೊಳೆಯಲ್ಲಿ ಹೆಬ್ಬೆರಳಿನ ಗೆರೆಗಳು! ಸುತ್ತಿ ಸುತ್ತಿ ಬಂದ ಸಣ್ಣ ಗೆರೆಗಳು, ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಎಡಗಡೆ ದಟ್ಟವಾಗಿ, ಬಲಕ್ಕೆ ಹೋದಂತೆ ತೆಳುವಾಗಿ, ಕೊನೆಗೆ ಇಲ್ಲವಾಗಿ. ಕೊಳೆ ಹೀಗೆ ಅಳತೆ ನೋಡಿ ಕೂರುವುದಿಲ್ಲ. ತನ್ನ ಬೆರಳೇ ಇರಬೇಕೆಂದು ಒರೆಸಿ ನೋಡಿದಳು, ಹೋಗಲಿಲ್ಲ. ಅದು ಬೆಂಕಿ ಕಂಡ ಬಣ್ಣ. ಗಾಜನ್ನು ಎತ್ತಿ ಬೆಳಕಿಗೆ ಹಿಡಿದಳು. ಒಳಮೈಯ ಅಲೆಗಳ ಮೇಲೆ, ಗಾಜಿನ ದಪ್ಪದಷ್ಟು ದೂರದಲ್ಲಿ, ಮಂಜು ತೇಲುತ್ತಿತ್ತು. ಬರೆದಂತೆ ಕಾಣುವ ಮಂಜಲ್ಲ ಅದು, ತಲೆ ಅಲ್ಲಾಡಿಸಿದರೆ ಅಲೆಯಿಂದ ಬೇರೆಯಾಗಿ ಸರಿಯುವ ಮಂಜು. ಯಾರೋ ಒಬ್ಬ ಪುಣ್ಯಾತ್ಮ, ಸತ್ತು ನೂರು ವರ್ಷವಾಗಿರಬಹುದಾದವನು, ಮಂಜನ್ನು ನೀರಿನ ಮೇಲೆ ನಿಲ್ಲಿಸಬೇಕೆಂದು ಗಾಜಿನ ಬೆನ್ನಿಗೆ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಬರೆದಿದ್ದ. ಬೆಳಗಿನ ಹೊಳೆ! ಈ ಹೆಂಗಸು ಬೆಳಗಿನ ಜಾವದಲ್ಲಿ ಹೊಳೆ ದಾಟುತ್ತಿದ್ದಾಳೆ, ಶಾಲು ಹೊದ್ದಿರುವುದು ಅದಕ್ಕೆ! ಅವಳಿಗೆ ಕೂಗಬೇಕೆನ್ನಿಸಿತು. ಬೀದಿಗೆ ಓಡಿ ಹೋಗಿ ಸಿಕ್ಕವರ ತೋಳು ಹಿಡಿದು ತೋರಿಸಬೇಕೆನ್ನಿಸಿತು. ಆಮೇಲೆ ಪಕ್ಕಕ್ಕೆ ನೋಡಿದಳು. ಹೆರೆದು, ತೊಳೆದು, ಒರೆಸಿ ಗೋಡೆಗೆ ಒರಗಿಸಿದ್ದ ಹೊಳೆಯ ಉಳಿದ ಗಾಜುಗಳೆಲ್ಲ ಕನ್ನಡಿ ಥರ ಫಳಫಳ ಎನ್ನುತ್ತಿದ್ದವು. ನೆಲದ ಮೇಲೆ ಕಂದು ಪುಡಿ. ಅದನ್ನು ಅವಳು ದಿನಾ ಸಂಜೆ ಗುಡಿಸಿ ಚೆಲ್ಲಿದ್ದಳು. "ಯಾಕಮ್ಮ, ಸದ್ದು ನಿಂತುಹೋಯ್ತು?" ಎಂದರು ಮಾವ. "ಏನಿಲ್ಲ ಮಾವ, ಕೈ ಜೋಮು ಹಿಡೀತು" ಎಂದಳು. ಒಳಗೆ ಎದ್ದದ್ದು ಭಯವೋ ಖುಷಿಯೋ ಅವಳಿಗೇ ತಿಳಿಯಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಎಷ್ಟು ಬೆಳಕಾಯಿತಲ್ಲ ಎಂದು ಬೆರಗಾದವಳ ಸ್ಥಿತಿ.

ಹೇಳಿಬಿಡಬಹುದಿತ್ತು. ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿಕೊಂಡವಳಲ್ಲ ಅವಳು. ಮಾವನ ಬೈಗುಳ ಅವಳಿಗೆ ಊಟದ ಜೊತೆಯ ನೀರಿನಷ್ಟು ರೂಢಿ. ಹೇಳಿದರೆ ಅವರು ಸುಮ್ಮನಾಗುತ್ತಾರೆ, ಅದೇ ಭಯ. ಹೊರಗಿರುವುದೆಲ್ಲ ಕೊಳೆಯಲ್ಲ ಎಂದರೆ, ಅವರು ಈ ಒಂದು ಕಿಟಕಿಯನ್ನು ನೆನೆಯುವುದಿಲ್ಲ. ಆಸ್ಪತ್ರೆಯದು, ಹುಡುಗಿಯರ ಶಾಲೆಯದು, ಹಳೆಯ ರೈಲು ನಿಲ್ದಾಣದ ಮೇಲಂತಸ್ತಿನದು, ಅವರ ಕೈಯಲ್ಲಿ ಚೊಕ್ಕವಾಗಿ ಹೊರಬಂದ ಒಂದೊಂದನ್ನೂ ನೆನೆಯುತ್ತಾರೆ. ಕಣ್ಣಿಲ್ಲದ ಮನುಷ್ಯನಿಗೆ ಉಳಿದದ್ದು ತಾನು ಮಾಡಿಟ್ಟ ಕೆಲಸವೊಂದೇ. ಅದನ್ನೂ ಕಿತ್ತುಕೊಳ್ಳುವುದೇ? ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು, ಹೇಳಿಕೊಳ್ಳುವಾಗ ಅದರಲ್ಲಿ ತನ್ನ ಹೊಟ್ಟೆಪಾಡೂ ಸ್ವಲ್ಪ ಸೇರಿದೆಯೆಂದು ಗೊತ್ತಿದ್ದೂ. ಲೈಬ್ರರಿಯ ಮೇಡಂ ಮೊನ್ನೆ ಯಾರೋ ದೊಡ್ಡವರಿಗೆ ಅವಳನ್ನು ತೋರಿಸಿ "ಇವರು ನಮ್ಮ ಗಾಜು ಒರೆಸೋರು" ಎಂದಿದ್ದರು. ಆಗ ಮೈ ಉರಿದುಹೋಗಿತ್ತು. ಈಗ ಅನ್ನಿಸಿತು: ಒರೆಸಿದ್ದು ಸುಳ್ಳೇ? ಚೆನ್ನಾಗಿಯೇ ಒರೆಸಿದೆನಲ್ಲ.

ಆದರೆ ಕೈ ಮರೆತಿರಲಿಲ್ಲ. ಇದು ಅವಳಿಗೆ ಹೊಳೆದದ್ದು ಮರುದಿನ ಚಪಾತಿ ಹಿಟ್ಟು ನಾದುವಾಗ. ಹಿಟ್ಟು ಗಂಟು ಕಟ್ಟಿದಲ್ಲಿ ಅಂಗೈ ತಾನಾಗಿ ನಿಂತಿತು, ಮತ್ತು ಥಟ್ಟನೆ ನೆನಪಾಯಿತು: ಎಡಗಡೆಯ ದೊಡ್ಡ ಗಾಜಿನ ಮೂಲೆಯಲ್ಲಿ ಬ್ಲೇಡು ಮೊಂಡಾಗಿತ್ತು, ಎಂಥ ಹಟಮಾರಿ ಕೊಳೆಯಪ್ಪ ಎಂದು ಗೊಣಗಿದ್ದಳು, ನಡುವಿನದರಲ್ಲಿ ಬೆಣ್ಣೆಯ ಮೇಲೆ ಹೋದಂತೆ ಹೋಗಿತ್ತು, ಗಳ ನೀರಿಗಿಳಿಯುವಲ್ಲಿ ಕರ್ ಎಂದು ತಡೆದು, ಬಿಟ್ಟು, ಮತ್ತೆ ತಡೆದಿತ್ತು. ತಡೆದಲ್ಲಿ ಮಂಜು ದಟ್ಟ. ಜಾರಿದಲ್ಲಿ ತೆಳು. ಹಿಟ್ಟಿನ ಕೈಯಲ್ಲೇ ಕೆಲಸದ ಕೋಣೆಗೆ ಓಡಿದಳು. ಬಣ್ಣವಿಲ್ಲದ ಗಾಜನ್ನು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಬ್ಲೇಡಿಲ್ಲದ ಬೆರಳುಗಳನ್ನು ಹೆರೆಯುವ ಹಾಗೆ ಆಡಿಸಿದಳು. ಕಣ್ಣು ತೆರೆದರೆ ಏನೂ ಇಲ್ಲ. ಮುಚ್ಚಿದರೆ ಎಲ್ಲ ಇದೆ. ಹಳೆಯ ಗಾಜಿನ ಮೈಗೆ ಮತ್ತೆ ಕೈ ಹಚ್ಚುವ ಧೈರ್ಯ ಅವಳಿಗಿರಲಿಲ್ಲ. ಒಂದೊಂದರ ಅಳತೆಗೂ ತೆಳು ಗಾಜು ಕತ್ತರಿಸಿ, ಅದರ ಮೇಲೆ ಹೆಬ್ಬೆರಳಿನಿಂದ ಮಂಜು ಒತ್ತಿ, ಭಟ್ಟಿಯಲ್ಲಿ ಸುಟ್ಟು, ಹಳೆಯದರ ಬೆನ್ನಿಗೆ ಹೊಂದಿಸಿ, ಎರಡನ್ನೂ ಒಂದೇ ಸೀಸದ ಪಟ್ಟಿಯಲ್ಲಿ ಹಿಡಿಸಿದಳು. ಮುಂದೆ ಯಾರಿಗಾದರೂ ಇದು ಸುಳ್ಳೆನಿಸಿದರೆ ಬಿಚ್ಚಿ ಎಸೆಯಲಿ. ಮೊದಲ ಸಲ ಉರಿ ಜಾಸ್ತಿಯಾಗಿ ಮಂಜೆಲ್ಲ ಹಾರಿಹೋಯಿತು, ತಲೆಯ ಮೇಲೆ ಕೈ ಹೊತ್ತು ಕೂತಳು, ಮತ್ತೆ ಎದ್ದಳು. "ಭಟ್ಟಿ ಯಾಕಮ್ಮ ಬಿಸಿಯಾಗಿದೆ? ಹೊಳೇಲಿ ಬರೆಯೋದೇನಿದೆ?" ಎಂದು ಮಾವ ಕೇಳಿದರೆ "ಚೂರು ಒಡೆದಿತ್ತು ಮಾವ" ಎಂದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ ಎಂದು ಗಾದೆ. ಇಲ್ಲಿ ಬೆಕ್ಕಿನದಲ್ಲ, ನೋಡಬೇಕಾದವರ ಕಣ್ಣೇ ಮುಚ್ಚಿತ್ತು. ಆ ಅನುಕೂಲ ನೆನೆದು ಅವಳಿಗೆ ಮೈ ಹಿಡಿಯಾಗುತ್ತಿತ್ತು, ಆದರೂ ಎರಡನೆಯ ಸಲ ಭಟ್ಟಿಯ ಬಾಗಿಲು ತೆರೆದು ಬಿಸಿ ಗಾಜಿನ ಮೇಲೆ ಮಂಜು ನಿಂತದ್ದನ್ನು ಕಂಡಾಗ ಒಬ್ಬಳೇ ಚಪ್ಪಾಳೆ ಹೊಡೆದಳು.

"ಮೆಲ್ಲಗೆ, ಮೆಲ್ಲಗೆ!" ಎಂಬ ಪಿಸುದನಿ ಕೆಳಗಿನಿಂದ ಬಂತು. ಯಾರು ಬಂದರೂ ಹೀಗೆನ್ನುವುದರಿಂದ ಲೈಬ್ರರಿಯ ಮೇಡಂಗೆ ಓದುಗರು ಇಟ್ಟ ಹೆಸರೇ ಮೆಲ್ಲಗೆ ಮೇಡಂ. ಕಪ್ಪು ಕನ್ನಡಕ ಹಾಕಿಕೊಂಡು, ಮಗನ ತೋಳನ್ನು ಕೊಡವಿಕೊಂಡು, ಮಾವ ಒಬ್ಬರೇ ಮೆಟ್ಟಿಲು ಹತ್ತುತ್ತಿದ್ದರು. "ಅಪ್ಪಾ, ನಿಧಾನ." "ಲೋ, ಮೆಟ್ಟಿಲಿನ ಅಂಚು ಸವೆದಿರೋದೂ ಕಾಣಿಸ್ತಿದೆ ಕಣೋ, ಬಿಡು!" ಅವಳು ದಡದಡ ಇಳಿದು ಬಂದಳು. ಅವರು ಕನ್ನಡಕ ತುಸು ಸರಿಸಿ ಅವಳ ಮುಖ ನೋಡಿದರು. "ಕೆನ್ನೆ ಮೇಲೆ ಪುಟ್ಟಿ. ಕೂದಲು ಯಾವಾಗಮ್ಮ ಬೆಳ್ಳಗಾಯ್ತು?" ಎಂದು ನಕ್ಕರು, ಮೇಡಂ ಮತ್ತೆ ಮೆಲ್ಲಗೆ ಎಂದರು. ಅದೇ ಹೊತ್ತಿಗೆ ಬಿಸಿಲು ಬಂತು. ಮೊದಲು ಆಚೆ ದಡದ ಮರಗಳ ಹಸಿರು ಗೋಡೆಗೆ ಬಿತ್ತು, ಆಮೇಲೆ ಶಾಲಿನ ಕೆಂಪು ಮೆಟ್ಟಿಲುಗಳ ಮೇಲೆ ಉರುಳಿತು, ಕೊನೆಗೆ ಹೊಳೆ ಎಚ್ಚರವಾಯಿತು. ನೀರಿನ ಮೇಲೆ ಎಡದಿಂದ ಬಲಕ್ಕೆ ಮಂಜು ಎದ್ದಿತ್ತು! ಹಳೆಯವನ ಹೆಬ್ಬೆರಳು ಎಲ್ಲಿ ಮುಗಿದು ತನ್ನದು ಎಲ್ಲಿ ಶುರುವಾಯಿತೆಂದು ಅವಳಿಗೇ ಹೇಳಲಾಗುತ್ತಿರಲಿಲ್ಲ. ದೋಣಿ ಆ ಮಂಜಿನೊಳಗಿಂದ ಈಗ ತಾನೇ ಹೊರಬಂದಂತಿತ್ತು. ಗಣಿತದ ಮೇಷ್ಟ್ರೂ ಒಂದು ಎರಡು ಮರೆತು ಬಾಯಿ ತೆರೆದು ನಿಂತಿದ್ದ. ಮೆಲ್ಲಗೆ ಮೇಡಂ ಜೋರಾಗಿ "ಅಯ್ಯೋ, ಎಷ್ಟು ಚೆಂದ!" ಎಂದರು, ಓದುತ್ತಿದ್ದವರೆಲ್ಲ ತಲೆಯೆತ್ತಿದರು.

ಮಾವ ಕನ್ನಡಕ ತೆಗೆದು ನೋಡಿದರು. ಆಪರೇಷನ್ ಆಗದ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರು. ರೆಪ್ಪೆ ಬಡಿದು ಮತ್ತೆ ನೋಡಿದರು. "ಚೆನ್ನಾಗಿದೆ," ಎಂದರು. "ತುಂಬ ಚೆನ್ನಾಗಿದೆ. ಬಹಳ ಚೊಕ್ಕವಾಗಿ ಬಂದಿದೆ." ದನಿ ಮತ್ತೆ ಹತ್ತು ವರ್ಷ ದೊಡ್ಡದಾಗಿತ್ತು. ಒಂದು ಸೀಸದ ಗೆರೆಯನ್ನೂ ಬೈಯದೆ ಇಷ್ಟು ಬೇಗ ಹೊಗಳುವ ಮನುಷ್ಯ ಅವರಲ್ಲ. ಅವರ ಬಲಗೈ ಹಿಂದೆ ಸರಿದು, ಮೆಟ್ಟಿಲ ಕಂಬಿಯನ್ನು ಹುಡುಕಿತು, ನಿನ್ನೆಯವರೆಗೆ ಹುಡುಕುತ್ತಿದ್ದ ಹಾಗೆಯೇ. ಅವಳು ಹತ್ತಿರ ಹೋದಳು. ಅವರು ಅವಳ ಕಿವಿಗೆ ಬಾಗಿದರು. "ಅವನಿಗೆ ಹೇಳ್ಬೇಡಮ್ಮ. ಪಾಪ, ಆಸ್ಪತ್ರೆಗೆ ಅಲೆದು ಸಾಕಾಗಿದಾನೆ. ಕಣ್ಣು ಸರಿಹೋಗಿಲ್ಲ. ಮಿಕ್ಕಿದ್ದೆಲ್ಲ ಕಾಣ್ತು, ನೋಡ್ಬೇಕಾಗಿದ್ದು ಕಾಣ್ಲಿಲ್ಲ. ನಿನ್ನ ಹೊಳೆ ಮೇಲೆಲ್ಲ ಪೊರೆ ಹಾಗೇ ಇದೆ."

ಸುಮ್ಮನಿದ್ದರೆ ಸಾಕು ಎಂಬ ಯೋಚನೆ, ಅವಳಿಗಿಂತ ಮೊದಲೇ ಓಡಿ ಬಂದು ಅಲ್ಲಿ ನಿಂತಿತ್ತು. ಸುಮ್ಮನಿದ್ದರೆ ಮಾವ ಡಾಕ್ಟರನ್ನು ಬೈದುಕೊಳ್ಳುತ್ತಾರೆ, ತಮ್ಮ ಹಣೆಬರಹವನ್ನು ಬೈದುಕೊಳ್ಳುತ್ತಾರೆ. ಗುರುಗಳ ಮಾತು, ಆಯುಷ್ಯದ ಕೆಲಸ, ಎಲ್ಲ ಹಾಗೇ ಉಳಿಯುತ್ತದೆ. ಕಣ್ಣು ಕೆಟ್ಟಿದೆ ಎಂದು ನಂಬಿ ಇರುವುದೋ, ಕೈ ಕೆಡಿಸಿದೆ ಎಂದು ತಿಳಿದು ಇರುವುದೋ? ಅವರ ಪರವಾಗಿ ಇದನ್ನು ಆರಿಸಲು ತಾನು ಯಾರು? ಅವಳು ಕಂಬಿಯ ಮೇಲಿದ್ದ ಅವರ ಕೈ ಹಿಡಿದುಕೊಂಡಳು. "ಮಾವ, ಅದು ಪೊರೆಯಲ್ಲ, ಮಂಜು. ನಿಮ್ಮ ಕಣ್ಣು ಚೆನ್ನಾಗಿದೆ. ಮಂಜು ಹೊಳೆ ಮೇಲೇ ಇದೆ." "ಹೊಳೆ ಮೇಲೆ ಎಲ್ಲಿತ್ತು ಮಂಜು? ಚಿಕ್ಕಂದಿನಿಂದ ನೋಡ್ತಿದೀನಿ ಈ ಕಿಟಕೀನ." "ಹೊರಮೈ ಮೇಲಿತ್ತು ಮಾವ. ಕೊಳೆ ಅಂತ ನಾನೇ ಹೆರೆದುಬಿಟ್ಟೆ. ಅದು ಕೊಳೆ ಅಲ್ಲ, ಬರೆದದ್ದು. ಬೆರಳಲ್ಲಿ ಬರೆದದ್ದು. ಒಂದು ಗಾಜಲ್ಲಿ ಮಾತ್ರ ಉಳೀತು, ಮಿಕ್ಕಿದ್ದು ಹೆರೆದ ಕೈಗೆ ನೆನಪಿದ್ದ ಹಾಗೆ ನಾನು ಮತ್ತೆ ಬರೆದೆ. ನಿಮಗೆ ಹೇಳ್ಲಿಲ್ಲ." ಎಲ್ಲ ಒಂದೇ ಉಸಿರಿಗೆ ಬಂದುಬಿಟ್ಟಿತು. ಮೈ ಹಗುರಾಯಿತು, ಕಾಲು ಮಾತ್ರ ಈಗ ನೆಲದಲ್ಲಿ ಹೂತಂತಿತ್ತು.

ಮಾವ ಮೆಟ್ಟಿಲ ಮೇಲೆ ಕೂತರು. ಶಾಲಿನ ಕೆಂಪು ಅವರ ಮೊಣಕಾಲಿನ ಮೇಲೆ ಬಿದ್ದಿತ್ತು. ತಲೆಯನ್ನು ಮೆಲ್ಲಗೆ ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ಅಲೆಯಿಂದ ಮಂಜು ಬೇರೆಯಾಗಿ ಸರಿದದ್ದನ್ನು ಅವರು ಕಂಡರೆಂದು ಅವಳಿಗೆ ಅವರ ಕತ್ತಿನಿಂದಲೇ ಗೊತ್ತಾಯಿತು. "ಹಾಗಾದ್ರೆ ಕಣ್ಣು ಸರಿಯಾಗಿದೆ ಅಂದಂಗಾಯ್ತು," ಎಂದರು. ಅವಳು ಹೂಂ ಎಂದಳು. ಆಮೇಲೆ ಅವರು ಸುಮ್ಮನಾದರು, ಅವಳು ಹೆದರಿದ್ದ ಹಾಗೆಯೇ. ಬಿಸಿಲು ಒಂದು ಮೆಟ್ಟಿಲು ಇಳಿಯುವಷ್ಟು ಹೊತ್ತು. ಕೆಳಗೆ ಯಾರೋ ಪುಟ ತಿರುವಿದ ಸದ್ದು. "ಆಸ್ಪತ್ರೆ ಕಿಟಕಿ," ಎಂದರು ಕೊನೆಗೆ. "ಅದ್ರಲ್ಲಿ ಕುರಿಗಳು. ಹೊಟ್ಟೆ ಕೆಳಗೆ ಬ್ಲೇಡು ಹೋಗ್ತಾನೇ ಇರ್ಲಿಲ್ಲ. ಏನು ದರಿದ್ರ ಕೊಳೆ ಅಂತ ಒಂದು ವಾರ ಬೈಕೊಂಡು ಹೆರೆದೆ. ಅದು ನೆರಳಮ್ಮ. ನೆರಳನ್ನ ಕೆರೆದು ಹಾಕ್ಬಿಟ್ಟೆ. ಆಮೇಲೆ ಕುರಿಗಳೆಲ್ಲ ನೆಲ ಬಿಟ್ಟು ಗಾಳೀಲಿ ತೇಲ್ತಾ ಇದ್ವು. ಬರೆದವನಿಗೆ ಕುರಿ ಬರೆಯೋಕೆ ಬರ್ತಿರ್ಲಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ನಕ್ಕೆ!" ಅವರ ಗಂಟಲಿನಿಂದ ಬಂದದ್ದು ನಗುವೋ ಅಳುವೋ, ಎರಡೂ ಇರಬೇಕು; ಹೊಸ ಕಣ್ಣಿನಿಂದ ನೀರು ಸುರಿಯಿತು. ಡಾಕ್ಟರು ಅಳಬಾರದು ಎಂದಿದ್ದಾರೆಂದು ಮಗ ಕರವಸ್ತ್ರ ಹುಡುಕಿದ.

ಮಾವ ಕರವಸ್ತ್ರವನ್ನು ತೆಗೆದುಕೊಳ್ಳಲಿಲ್ಲ. ಅವರ ಬಲಗೈ ಮೊಣಕಾಲಿನ ಕೆಂಪು ಬೆಳಕಿನಿಂದ ತಾನಾಗಿ ಎದ್ದಿತ್ತು. ಹೆಬ್ಬೆರಳು ತೋರುಬೆರಳು ಸೇರಿ ಇಲ್ಲದ ಬ್ಲೇಡೊಂದನ್ನು ಹಿಡಿದಿದ್ದವು. ಮಣಿಕಟ್ಟು ಸಡಿಲವಾಗಿತ್ತು. ಕೈ ಗಾಳಿಯಲ್ಲಿ ಒಂದಿಷ್ಟು ಜಾರಿತು, ತಡೆಯಿತು, ಮತ್ತೆ ಜಾರಿತು. ಅವಳು ಅದೇ ಮೆಟ್ಟಿಲ ಮೇಲೆ ಕುಕ್ಕರಿಸಿದಳು. "ಮಾವ, ಇನ್ನೊಂದು ಸಲ! ಅಲ್ಲಿ ತಡೀತಲ್ಲ, ಎಷ್ಟು ಉದ್ದಕ್ಕೆ?" "ಇರು, ಇರು. ದೊಡ್ಡ ಕುರಿ ಮುಂಗಾಲಿಂದ ಶುರು. ಪೆನ್ಸಿಲ್ ಇದೆಯಾ?" ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ಲನ್ನು ಅವಳು ಎಳೆದಳು, ಗಾಜು ಸುತ್ತಿ ತಂದಿದ್ದ ಕಂದು ಕಾಗದವನ್ನು ಮೆಟ್ಟಿಲ ಮೇಲೆ ಹರವಿದಳು. ಮಾವ ತಮ್ಮ ಹೊಸ ಕಣ್ಣನ್ನೂ ಹಳೆಯ ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿದರು.

"ಅಪ್ಪಾ, ಯಾಕೆ ಕಣ್ಣು ಮುಚ್ಚಿದ್ರಿ? ನೋವಾ? ಏನೂ ಕಾಣಿಸ್ತಿಲ್ವಾ?"

"ಸುಮ್ನಿರೋ," ಎಂದರು ಮಾವ, ಕೈ ನಿಲ್ಲಿಸದೆ. "ಈಗ ಕಾಣಿಸ್ತಾ ಇದೆ."

ಅವರ ಬೆರಳು ಹೋದ ಕಡೆಗೆಲ್ಲ ಅವಳ ಪೆನ್ಸಿಲು ಹೋಯಿತು.